ಮನೆ ಒಪ್ಪದ ಗೆರೆ

ನಮ್ಮೂರಲ್ಲಿ ಹೆಣ್ಣು ನೋಡಲು ಹೋದವರು ಹಾಡು ಹೇಳಿಸುವುದಿಲ್ಲ, ಬೆರಳು ನೋಡುತ್ತಾರೆ. ಬೆರಳ ತುದಿಯಲ್ಲಿ ಕಷಾಯದ ಕಂದು ಕಲೆ ಇರಬೇಕು, ಉಗುರಿನ ಸಂದಿಯಲ್ಲೂ ಇದ್ದರೆ ಇನ್ನೂ ಒಳ್ಳೆಯದು. ಕಷಾಯ ಅಂದರೆ ಕುಡಿಯುವುದಲ್ಲ, ತಾಮ್ರ ತಿನ್ನುವ ನೀರು. ತೆಳ್ಳಗೆ ತಾಮ್ರ ಅಂಟಿಸಿದ ಹಲಗೆಯ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಆ ನೀರಿನಲ್ಲಿ ಮುಳುಗಿಸಿ, ತೊಟ್ಟಿಲ ಹಾಗೆ ತಟ್ಟೆ ತೂಗುತ್ತ ಕೂತರೆ ಮಸಿಯ ಕೆಳಗಿನ ತಾಮ್ರ ಉಳಿದು ಮಿಕ್ಕಿದ್ದೆಲ್ಲ ಕರಗಿಹೋಗುತ್ತದೆ. ಉಳಿದ ಗೆರೆಯಲ್ಲಿ ಕರೆಂಟು ಓಡುತ್ತದೆ. ಫ್ಯಾನು, ರೇಡಿಯೋ, ಫ್ರಿಜ್ಜು, ಯಾವುದರ ಹೊಟ್ಟೆ ಬಿಚ್ಚಿದರೂ ಒಳಗೊಂದು ಹಲಗೆ ಇದ್ದೇ ಇರುತ್ತದೆ. ಬೇರೆ ಊರಿನವರು ಅದನ್ನು ಅಂಗಡಿಯಿಂದ ತರುತ್ತಾರಂತೆ. ನಮ್ಮೂರಲ್ಲಿ ಅಂಗಡಿ ಹಲಗೆ ನಡೆಯುವುದಿಲ್ಲ. ಯಾವ ಮನೆಯಲ್ಲಿ ನಡೆಯಬೇಕೋ ಆ ಮನೆಯವರೇ ಗೆರೆ ಎಳೆದಿರಬೇಕು. ಮಗಳು ಮದುವೆಯಾಗಿ ಗಂಡನ ಮನೆಯ ಹೊಸಿಲು ದಾಟಿದಳೋ, ತವರಿನಲ್ಲಿ ಅವಳು ಎಳೆದ ಹಲಗೆಗಳೆಲ್ಲ ಅದೇ ಗಳಿಗೆಗೆ ನಿಲ್ಲುತ್ತವೆ. ಸತ್ತವರದು ಹನ್ನೊಂದನೇ ದಿನಕ್ಕೆ ನಿಲ್ಲುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನು ಈ ತಾಮ್ರದ ಹಲಗೆ, ಅದರ ಬಿಡಿಭಾಗ ಮಾರುವವನು. ಯಾಕೆ ಯಾಕೆ ಅನ್ನುತ್ತ ಕೂತಿದ್ದರೆ ಎಂದೋ ಅಂಗಡಿ ಬಾಗಿಲು ಹಾಕಬೇಕಾಗಿತ್ತು.

ನಾನು ಹೇಳಬೇಕೆಂದಿರುವುದು ದೇವೀರಮ್ಮನ ವಿಷಯ. ನನ್ನ ಅಂಗಡಿಯ ಹಿಂದಿನ ಗೋಡೆಯೂ ಅವಳ ಅಡುಗೆಮನೆಯ ಗೋಡೆಯೂ ಒಂದೇ. ಮೂವತ್ತೆರಡು ವರ್ಷದ ಹಿಂದೆ ಕರಿಬಸಪ್ಪನ ಕೈ ಹಿಡಿದು ಆ ಮನೆಗೆ ಬಂದಳು. ಬಂದ ಮೊದಲ ತಿಂಗಳು ಪದ್ಧತಿಯಂತೆ ಅತ್ತೆ ಅವಳ ಕೈಗೆ ಒಂದು ನಕ್ಷೆಯ ಹಾಳೆ, ಒಂದು ಹಲಗೆ, ಒಂದು ಪೆನ್ನು ಕೊಟ್ಟು, ಗೆರೆ ಕೋಣೆಯ ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡರು. ಹೊಸ ಸೊಸೆಯ ಮೊದಲ ಹಲಗೆಯನ್ನು ಅವಳೊಬ್ಬಳೇ ಎಳೆಯಬೇಕು, ಯಾರೂ ನೋಡಬಾರದು, ಯಾರೂ ಹೇಳಿಕೊಡಬಾರದು. ಹಲಗೆ ನಡೆದರೆ ಮನೆ ಒಪ್ಪಿತು ಅನ್ನುತ್ತಾರೆ. ಅವಳ ಹಲಗೆ ಹೊಗೆ ಕಾರಿತು. ಎರಡನೆಯದೂ ಹೊಗೆ ಕಾರಿತು. ಮೂರನೆಯದು ಸುಟ್ಟ ವಾಸನೆ ಬೀದಿಗೆ ಬಂದಾಗ ಅತ್ತೆ ಏನೂ ಅನ್ನದೆ ಅವಳ ಕೈಯಿಂದ ಪೆನ್ನು ತೆಗೆದುಕೊಂಡರು. ಬೈದಿದ್ದರೆ ವಾಸಿಯಿತ್ತು ಅಂತ ದೇವೀರಮ್ಮನೇ ನನ್ನ ಹೆಂಡತಿಯ ಹತ್ತಿರ ಒಮ್ಮೆ ಅಂದಿದ್ದಳು.

ಅಲ್ಲಿಂದಾಚೆಗೆ ಆ ಮನೆಯಲ್ಲಿ ಎಲ್ಲ ಕೆಲಸವೂ ಅವಳದೇ, ಗೆರೆಯೊಂದನ್ನು ಬಿಟ್ಟು. ಕಷಾಯ ಬೆಚ್ಚಗೆ ಮಾಡುವವಳು ಅವಳು, ತಟ್ಟೆ ತೂಗುವವಳು ಅವಳು, ಮಸಿ ಉಜ್ಜಿ ತೊಳೆಯುವುದು, ಸಾಸಿವೆ ಹೋಗುವಷ್ಟು ಸಣ್ಣ ತೂತು ಕೊರೆಯುವುದು, ಬೆಸುಗೆ ಹಾಕುವುದು, ಎಲ್ಲ ಅವಳೇ. ಬೆಸುಗೆಯಲ್ಲಿ ಅವಳ ಕೈ ಎಂಥದೆಂದರೆ, ಆ ಚುಕ್ಕೆಗಳನ್ನು ನಾನೇ ಬೇರೆ ಗಿರಾಕಿಗಳಿಗೆ ತೋರಿಸುತ್ತಿದ್ದೆ. ಆದರೆ ಗೆರೆ ಎಳೆಯುವಾಗ ಮಾತ್ರ ಆ ಕೋಣೆಯೊಳಗೆ ಅವಳು ನಿಲ್ಲುವ ಹಾಗಿಲ್ಲ. ಮನೆ ಒಪ್ಪದವರ ಕಣ್ಣು ಬಿದ್ದರೆ ಎಳೆದ ಗೆರೆಯೂ ಕೆಡುತ್ತದೆ ಅಂತ ನಮ್ಮ ಕಡೆ ಮಾತು. ಅವಳು ಹೆತ್ತ ಮಗಳು ತೇಜಾವತಿ ಎಂಟನೇ ವಯಸ್ಸಿಗೆ ಅಜ್ಜಿಯ ಜೊತೆ ಆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾಯಿ ಹೊರಗೆ ಕಷಾಯ ಕಾಯಿಸುತ್ತ ಕೂತಿದ್ದಳು. ನನ್ನ ಹೆಂಡತಿಯ ಮೊದಲ ಹಲಗೆ ಒಂದೇ ಸಲಕ್ಕೆ ನಡೆದಿತ್ತು, ಹಾಗಾಗಿ ಇದರಲ್ಲಿ ಯೋಚನೆ ಮಾಡುವಂಥದ್ದೇನಾದರೂ ಇದೆ ಅಂತ ನನಗೂ ಹೊಳೆದಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾವೆಲ್ಲ ಅವಳನ್ನು ಒಂದು ಕೂದಲಷ್ಟು ದೂರ ಇಟ್ಟೇ ಮಾತಾಡಿಸಿದವರು.

ಅತ್ತೆ ತೀರಿಕೊಂಡ ಮೇಲೆ ಮನೆಯ ಅಷ್ಟೂ ಹಲಗೆ ಎಳೆದದ್ದು ತೇಜಾವತಿ. ಕರಿಬಸಪ್ಪ ಎಳೆಯುವ ಹಾಗಿರಲಿಲ್ಲ. ಸಾಮಿಲ್ಲಿನಲ್ಲಿ ಕೆಲಸ ಮಾಡಿದವನು, ಬಲಗೈಯ ಎರಡು ಬೆರಳು ಗರಗಸಕ್ಕೆ ಹೋಗಿದ್ದವು, ಮರದ ಹುಡಿ ಕುಡಿದು ಕುಡಿದು ಎದೆಗೂಡು ಕೆಟ್ಟಿತ್ತು. ಎರಡು ವರ್ಷದಿಂದ ಮಂಚದ ಪಕ್ಕದಲ್ಲಿ ಒಂದು ಉಸಿರಿನ ಮಿಷನ್ನು. ಗಾಳಿಯನ್ನು ಸೋಸಿ ಮೂಗಿನ ಕೊಳವೆಗೆ ಕಳಿಸುತ್ತದೆ. ಎಂಟು ಸೆಕೆಂಡಿಗೊಮ್ಮೆ ಟಕ್ ಅಂತ ಒಂದು ಸದ್ದು, ಹಿಂದೆಯೇ ಪುಸ್ ಅಂತ ಇನ್ನೊಂದು. ಅದನ್ನು ಆಡಿಸುತ್ತಿದ್ದದ್ದೂ ಮಗಳು ಎಳೆದ ಅಂಗೈಯಗಲದ ಒಂದು ಹಲಗೆಯೇ.

ತೇಜಾವತಿಗೆ ಮೇಲಿನ ಕೇರಿಯ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ಅವನ ತಾಯಿಗೆ ಕಣ್ಣು ಮಂಜಾಗುತ್ತ ಬಂದು ಆ ಮನೆಗೂ ಗೆರೆಯ ಕೈ ಬೇಕಾಗಿತ್ತು. ಶುಕ್ರವಾರ ಬೆಳಿಗ್ಗೆ ಮನೆ ಮುಂದಿನ ಚಪ್ಪರದಲ್ಲಿ ತಾಳಿ, ಮಧ್ಯಾಹ್ನ ಹನ್ನೆರಡೂವರೆಗೆ ಗಂಡನ ಮನೆಗೆ ತುಂಬಿಸಿಕೊಳ್ಳುವುದು ಅಂತ ನಿಶ್ಚಯವಾಯಿತು. ಹನ್ನೆರಡೂವರೆಗೆ ಅವಳು ಸೇರು ಒದ್ದು ಒಳಗೆ ಕಾಲಿಡುತ್ತಾಳೆ, ಇಲ್ಲಿ ಅಪ್ಪನ ಮಿಷನ್ನು ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಲಾಡು ಎಷ್ಟು ಕಟ್ಟಿಸಬೇಕು ಅಂತ ಮಾತಾಡುತ್ತಿದ್ದರು.

ಮೊದಲು ಬಾಯಿಬಿಟ್ಟವಳು ಕರಿಬಸಪ್ಪನ ಅಕ್ಕ ರುದ್ರಮ್ಮ. ಅವಳು ಇದೇ ಊರಲ್ಲಿ ಮದುವೆಯಾಗಿ ಹೋದವಳು, ಆದ್ದರಿಂದ ಅವಳ ಗೆರೆ ಈ ಮನೆಗೆ ನಡೆಯುವುದಿಲ್ಲ, ನಾಲಿಗೆ ಮಾತ್ರ ಚೆನ್ನಾಗಿ ನಡೆಯುತ್ತದೆ. ತಮ್ಮನನ್ನು ಬೆಟ್ಟದಾಚೆಯ ದೊಡ್ಡಾಸ್ಪತ್ರೆಗೆ ಸೇರಿಸಿಬಿಡಿ ಅಂದಳು. ಒಂಬತ್ತು ಗಂಟೆಯ ದಾರಿ, ಹೋದರೆ ತಿರುಗಿ ಮನೆಗೆ ಬರುವ ಹಾಗಿಲ್ಲ, ಮನೆಯಲ್ಲಿ ನಡೆಯುವ ಮಿಷನ್ನೇ ಇರುವುದಿಲ್ಲವಲ್ಲ. ಕರಿಬಸಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ತೇಜಾವತಿ ಮದುವೆಯೇ ಬೇಡ ಅಂದಳು. ದೇವೀರಮ್ಮ ಅವಳ ಮೇಲೆ ರೇಗಿ, ಇನ್ನೊಂದು ಸಲ ಆ ಮಾತು ಬಂದರೆ ಕಷಾಯದ ತಟ್ಟೆ ತಲೆ ಮೇಲೆ ಸುರಿಯುತ್ತೇನೆ ಅಂದಳಂತೆ. ಆಗ ರುದ್ರಮ್ಮ ಎಲೆಯಡಿಕೆ ಮಡಿಸುತ್ತ ನಿಧಾನಕ್ಕೆ ಅಂದಳು, “ಹೋಗ್ಲಿ ಬಿಡು ದೇವೀರಿ. ನಿನ್ನ ಗೆರೆ ಈ ಮನೆ ಒಪ್ಪಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ. ನಿನ್ ತಪ್ಪಲ್ಲ. ಕೆಲವರನ್ನ ಒಪ್ಪಲ್ಲ, ಅಷ್ಟೇ.”

ಮಾರನೆಯ ದಿನ ನಾನು ಅಂಗಡಿ ಬಾಗಿಲು ತೆಗೆಯುವ ಮೊದಲೇ ದೇವೀರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ನಾಲ್ಕು ಹಲಗೆ, ಒಂದು ಪೆನ್ನು, ಇರುವಷ್ಟು ಏಡಿ ಕೊಡಣ್ಣ ಅಂದಳು. ಎಂಟು ಕಾಲಿನ ಕರಿಯ ಚಿಪ್ಪಿಗೆ ನಮ್ಮೂರಲ್ಲಿ ಏಡಿ ಅನ್ನುತ್ತೇವೆ. ಮಿಷನ್ನಿಗೆ ಎಂಟು ಸೆಕೆಂಡು ಎಣಿಸಿಕೊಡುವುದು ಅದೇ. ನನ್ನ ಹತ್ತಿರ ಇದ್ದದ್ದು ಮೂರು. ಹೊಸದು ಬರುವುದು ಮದುವೆ ಕಳೆದ ಮೇಲಿನ ಸೋಮವಾರ ಅಂದೆ. ಶುಕ್ರವಾರಕ್ಕೆ ಇನ್ನು ಆರು ದಿನ ಇತ್ತು. ಯಾರಿಗೆ ಅಂತ ಕೇಳಬೇಕೆಂದುಕೊಂಡವನು ಅವಳ ಮುಖ ನೋಡಿ ಇದ್ದ ಮೂರನ್ನೂ ಕಟ್ಟಿಕೊಟ್ಟೆ.

ಗಂಡ ನಿದ್ದೆ ಮಾಡುವ ಮಧ್ಯಾಹ್ನಗಳಲ್ಲಿ ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಎಳೆದಳು. ಅತ್ತೆಯ ಕಾಲದ ನಕ್ಷೆಯ ಹಾಳೆಯನ್ನೇ ಮುಂದಿಟ್ಟುಕೊಂಡು, ಒಂದು ಗೆರೆಯೂ ಆಚೀಚೆ ಆಗದ ಹಾಗೆ, ಉಸಿರು ಬಿಗಿಹಿಡಿದು ಎಳೆದಳು. ಅದ್ದಿದಳು, ತೂಗಿದಳು, ಕೊರೆದಳು, ಬೆಸೆದಳು. ಮೊದಲ ಏಡಿ ಸ್ವಿಚ್ಚು ಹಾಕಿದ ಕೂಡಲೇ ಕಾದು ಬೆನ್ನು ಸೀಳಿತು. ಅವಳು ಕಿಟಕಿ ತೆರೆದು ಸೆರಗಿನಿಂದ ಹೊಗೆ ಓಡಿಸಿದಳು, ಗಂಡ ಕೆಮ್ಮಬಾರದು ಅಂತ. ಎರಡನೆಯದನ್ನು ಎರಡು ದಿನ ಹಿಡಿದು ಮಾಡಿದಳು. ಗೆರೆಗಳನ್ನು ಸೂಜಿಯಿಂದ ತಡವಿ ತಡವಿ ನೋಡಿದಳು, ಎಲ್ಲೂ ತುಂಡಾಗಿಲ್ಲ, ಎಲ್ಲೂ ತಾಗಿಲ್ಲ. ಅದೂ ಸುಟ್ಟಿತು. ಗೋಡೆಯ ಈಚೆ ಕೂತ ನನಗೆ ವಾಸನೆ ಬಂತು. ಮೂಗಿಗೆ ಬಟ್ಟೆ ಹಿಡಿದುಕೊಂಡೆನೇ ಹೊರತು ಎದ್ದು ಹೋಗಲಿಲ್ಲ. ಹೋಗಿ ಏನು ಹೇಳುವುದು?

ಬುಧವಾರ ಅವಳ ಹತ್ತಿರ ಒಂದೇ ಏಡಿ ಉಳಿದಿತ್ತು, ಅದನ್ನು ಮುಟ್ಟಲು ಧೈರ್ಯವಿರಲಿಲ್ಲ. ಕೈ ಕೆಟ್ಟಿದೆಯೋ ಹಣೆಬರಹ ಕೆಟ್ಟಿದೆಯೋ ನೋಡೋಣ ಅಂತ ಉಳಿದ ಹಲಗೆಯ ತುಂಡಿನ ಮೇಲೆ ಬಾಲಪಾಠದ ದೀಪ ಎಳೆದಳು. ತವರಿನಲ್ಲಿ ಆರು ವರ್ಷದ ಹುಡುಗಿಯರಿಗೆ ಮೊದಲು ಕಲಿಸುವುದು ಅದನ್ನೇ: ಒಂದು ಸಣ್ಣ ಬಲ್ಬು, ಒಂದು ಸ್ವಿಚ್ಚು, ಕರೆಂಟು ತಗ್ಗಿಸುವ ಒಂದು ಕಡ್ಡಿ. ಏಡಿಗೀಡಿ ಏನೂ ಇಲ್ಲ, ಎಲ್ಲಕ್ಕೂ ಎರಡೆರಡೇ ಕಾಲು. ಸೊಸೆಯಾಗಿ ಬಂದವಳ ಕೈಯಲ್ಲಿ ಯಾರೂ ಅದನ್ನು ಮಾಡಿಸುವುದಿಲ್ಲ, ಅದೊಂದು ಅವಮಾನ. ದೀಪ ಹತ್ತಿತು.

ಅವಳು ಅದನ್ನು ಆರಿಸಿದಳು, ಹಚ್ಚಿದಳು. ಮತ್ತೆ ಆರಿಸಿದಳು. ಇಪ್ಪತ್ತು ಸಲವಾದರೂ ಮಾಡಿರಬೇಕು, ನನಗೆ ಗೋಡೆಯಾಚೆ ಸ್ವಿಚ್ಚಿನ ಸದ್ದು ಕೇಳುತ್ತಲೇ ಇತ್ತು. ಮನೆ ಒಪ್ಪದಿದ್ದರೆ ದೀಪ ಹತ್ತಬಾರದು. ಹತ್ತಿದೆ ಅಂದಮೇಲೆ ಸುಡುತ್ತಿರುವುದು ಏಡಿ, ತಾನಲ್ಲ. ಎರಡು ಕಾಲಿನದು ನಡೆಯುತ್ತದೆ, ಎಂಟು ಕಾಲಿನದು ಸುಡುತ್ತದೆ. ಎರಡು ಕಾಲಿನದನ್ನು ಎಡಕ್ಕೆ ಬಲಕ್ಕೆ ಹೇಗೆ ತಿರುಗಿಸಿ ಹಾಕಿದರೂ ಒಂದೇ. ಹಾಗಾದರೆ ಎಂಟು ಕಾಲಿನದು? ಅವಳು ಎದ್ದು ಕೆಟ್ಟುಹೋದ ಫ್ಯಾನಿನಿಂದ ಬಿಚ್ಚಿಟ್ಟಿದ್ದ ಮಗಳ ಹಲಗೆಯೊಂದನ್ನು ತಂದಳು, ಅದರ ನಕ್ಷೆಯ ಹಾಳೆಯನ್ನೂ ತಂದಳು, ಎರಡನ್ನೂ ಪಕ್ಕಪಕ್ಕ ಇಟ್ಟಳು. ಮೂವತ್ತೆರಡು ವರ್ಷ ಈ ಮನೆಯ ಹಲಗೆಗಳಿಗೆ ಬೆಸುಗೆ ಹಾಕಿದ್ದಳು, ಆದರೆ ಬೆಸೆಯುವಾಗ ಕಣ್ಣು ಒಂದು ಚುಕ್ಕೆಯ ಮೇಲೆ ಇರುತ್ತದೆ, ಇಡೀ ಹಲಗೆಯ ಮೇಲಲ್ಲ. ಈಗ ನೋಡಿದರೆ ಹಾಳೆ ಎಡ ಅಂಗೈ, ಹಲಗೆ ಬಲ ಅಂಗೈ. ಅದೇ ಗೆರೆಗಳು, ಕನ್ನಡಿಯಲ್ಲಿ ಕಂಡ ಹಾಗೆ.

ಮಗಳನ್ನು ಕರೆದಳು. ತೇಜಾವತಿ ಕೈಗೆ ಮದರಂಗಿ ಹಚ್ಚಿಸಿಕೊಳ್ಳಲು ಹೊರಟಿದ್ದವಳು, ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಗೆರೆ ಎಳೆಯೋವಾಗ ಹಾಳೇನ ಏನ್ ಮಾಡ್ತೀಯ?”

“ಮಗುಚ್ತೀನಿ.”

“ಮಗುಚು ಅಂತ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಅಜ್ಜಿ ಮಗುಚಿ ಕಿಟಕಿ ಗಾಜಿಗೆ ಹಿಡಿತಿದ್ರು, ನಾನೂ ಹಂಗೇ ಮಾಡ್ತೀನಿ. ಎಲ್ರೂ ಮಗುಚೋದೇ ಅಲ್ವೇನಮ್ಮ?”

ಎಲ್ಲರೂ ಮಗುಚುವುದಿಲ್ಲ. ಅದೇ ವಿಷಯ. ಏಡಿ ಕೂರುವುದು ಹಲಗೆಯ ಬೆನ್ನ ಮೇಲೆ, ತಾಮ್ರದ ಗೆರೆ ಇರುವುದು ಹೊಟ್ಟೆಯ ಕಡೆ. ಈ ಮನೆಯ ಹಿರಿಯರು ಬೆನ್ನ ಕಡೆಯಿಂದ ನೋಡಿ ನಕ್ಷೆ ಬರೆದಿಟ್ಟವರು, ಹಾಗಾಗಿ ಗೆರೆ ಎಳೆಯುವಾಗ ಹಾಳೆಯನ್ನು ಮಗುಚಬೇಕು. ದೇವೀರಮ್ಮನ ಅಪ್ಪ ಹೊಟ್ಟೆಯ ಕಡೆಯಿಂದ ನೋಡಿ ಬರೆಯುತ್ತಿದ್ದವರು, ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಎಳೆದರೆ ಸರಿ. ಇವಳು ತವರಿನ ಕೈಯಲ್ಲಿ ಗಂಡನ ಮನೆಯ ಹಾಳೆ ನೋಡಿ ಎಳೆದಳು. ಏಡಿಯ ಎಡಗಾಲಿಗೆ ಹೋಗಬೇಕಾದ ಕರೆಂಟು ಬಲಗಾಲಿಗೆ ಹೋಯಿತು, ಸುಟ್ಟಿತು. ಸುಟ್ಟಿದ್ದಕ್ಕೆ ಅವಳನ್ನು ಕೋಣೆಯಿಂದ ಹೊರಗಿಟ್ಟರು. ಹೊರಗಿಟ್ಟಿದ್ದಕ್ಕೆ ಹಾಳೆ ಮಗುಚುವುದನ್ನು ಅವಳು ಒಂದು ದಿನವೂ ನೋಡಲಿಲ್ಲ.

ಅವಳು ಅಳಲಿಲ್ಲ, ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಮಗಳ ಕೈ ಹಿಡಿದು ಗೆರೆ ಕೋಣೆಗೆ ನಡೆದಳು. ತೇಜಾವತಿ ಹಾಳೆ ಮಗುಚಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು, ತಾಯಿ ಹಿಂದಿನಿಂದ ಮೂಡಿದ ಗೆರೆಗಳನ್ನು ನೋಡಿ ನೋಡಿ ತಾಮ್ರದ ಮೇಲೆ ಎಳೆದಳು. ಸಂಜೆ ಐದಕ್ಕೆ ಉಳಿದ ಒಂದೇ ಏಡಿಯನ್ನು ಬೆಸೆದು, ಮಗಳ ಹಲಗೆ ಬಿಚ್ಚಿ ತನ್ನದನ್ನು ಮಿಷನ್ನಿಗೆ ಸೇರಿಸಿದಳು. ಟಕ್. ಪುಸ್. ಕರಿಬಸಪ್ಪನಿಗೆ ಬದಲಾದದ್ದೇ ತಿಳಿಯಲಿಲ್ಲ, ಮಜ್ಜಿಗೆ ಕೇಳಿದ.

ಇಲ್ಲಿಗೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಗುರುವಾರ ಲಾಡು ಕಟ್ಟಲು ಬಂದ ರುದ್ರಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದಳು. “ಹಾಳೆ ಹಿಡಿದೋಳು ಯಾರು? ತೇಜು ತಾನೇ? ಕೋಣೇಲಿ ನಿಂತು ಕೈ ಹಚ್ಚಿದಾಳೆ ಅಂದ್ಮೇಲೆ ಅದು ನಿನ್ನ ಗೆರೆನೋ ಅವಳ ಗೆರೆನೋ ಹೆಂಗ್ ಹೇಳ್ತೀಯ?” ದೇವೀರಮ್ಮ ದೀಪದ ಮಾತೆತ್ತಿದಳು. ಮಕ್ಕಳಾಟದ ದೀಪ ಯಾರ ಕೈಯಲ್ಲಾದರೂ ಹತ್ತುತ್ತದೆ ಅಂದಳು ರುದ್ರಮ್ಮ. ಹತ್ತುತ್ತದೋ ಇಲ್ಲವೋ ನಮಗ್ಯಾರಿಗೂ ಗೊತ್ತಿರಲಿಲ್ಲ, ಯಾರೂ ಮಾಡಿ ನೋಡಿದವರಲ್ಲ. ಒಬ್ಬಳೇ ಕೂತು ಇನ್ನೊಂದು ಎಳೆಯೋಣವೆಂದರೆ ಏಡಿ ಇಲ್ಲ. ಇದ್ದದ್ದನ್ನು ಬಿಚ್ಚೋಣವೆಂದರೆ ಬೆಸುಗೆ ಕರಗಿಸುವಾಗ ಕಾಲು ಮುರಿದರೆ ಅದೂ ಹೋಯಿತು. ದೇವೀರಮ್ಮ ಬೆಸುಗೆಯ ಕಬ್ಬಿಣ ಕಾಯಿಸಿ ಕೈಯಲ್ಲಿ ಹಿಡಿದುಕೊಂಡು ಕೂತಳಂತೆ, ಆಮೇಲೆ ತಣ್ಣಗಾಗಲು ಇಟ್ಟುಬಿಟ್ಟಳು. ಊರ ಡಾಕ್ಟರು ಎರಡು ಆಕ್ಸಿಜನ್ ಸಿಲಿಂಡರು ಕಳಿಸಿಕೊಟ್ಟರು. ಒಂದೊಂದು ನಾಲ್ಕು ಗಂಟೆ ಬರುತ್ತದೆ. ದೊಡ್ಡಾಸ್ಪತ್ರೆಗೆ ಒಂಬತ್ತು ಗಂಟೆ. ಆ ಒಂದು ಗಂಟೆಯ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಶುಕ್ರವಾರ ತಾಳಿ ಕಟ್ಟಿದ್ದಾಯಿತು. ಕರಿಬಸಪ್ಪನ ಮಂಚವನ್ನು ಬಾಗಿಲ ತನಕ ಎಳೆದು ತಂದಿದ್ದರು, ಕೊಳವೆ ಹಾಕಿಕೊಂಡೇ ಅಕ್ಷತೆ ಹಾಕಿದ. ಹನ್ನೊಂದೂವರೆಗೆ ಹುಡುಗಿಯನ್ನು ಕರೆದುಕೊಂಡು ದಿಬ್ಬಣ ಮೇಲಿನ ಕೇರಿಗೆ ಹೊರಟಿತು, ರುದ್ರಮ್ಮ ಎಲ್ಲರಿಗಿಂತ ಮುಂದೆ. ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಮತ್ತು ನಾನು. ಸಿಲಿಂಡರಿನ ಬಾಯಿ ಗಟ್ಟಿಯಿತ್ತು, ಸ್ಪ್ಯಾನರ್ ಹಿಡಿದು ಅದರ ಪಕ್ಕ ಕೂರು ಅಂತ ದೇವೀರಮ್ಮ ನನಗೆ ಹೇಳಿದ್ದಳು. ಆಂಬುಲೆನ್ಸು ಬೀದಿಯ ತುದಿಯಲ್ಲಿ ನಿಂತಿತ್ತು, ಡ್ರೈವರು ಮದುವೆ ಊಟ ಮಾಡುತ್ತಿದ್ದ.

ಹನ್ನೆರಡೂವರೆ ಆಯಿತು. ಏನೂ ಆಗಲಿಲ್ಲ. ಹನ್ನೆರಡು ಮೂವತ್ತೈದು. ಅಲ್ಲಿ ಆರತಿ ತಡವಾಗಿರಬೇಕು ಅಂದೆ. ದೇವೀರಮ್ಮ ಮಿಷನ್ನನ್ನು ನೋಡುತ್ತಿರಲಿಲ್ಲ, ಗಂಡನ ಉಗುರು ನೋಡುತ್ತಿದ್ದಳು. ಉಸಿರು ಸಾಲದಿದ್ದರೆ ಮೊದಲು ಉಗುರು ನೀಲಿಯಾಗುತ್ತದೆ. ನಲವತ್ತೊಂದಕ್ಕೆ ತಲೆಯ ಮೇಲೆ ಫ್ಯಾನಿನ ಸದ್ದು ಬದಲಾಯಿತು. ನಾನು ಮೇಲೆ ನೋಡಿದೆ, ರೆಕ್ಕೆಗಳು ಒಂದೊಂದೇ ಬಿಡಿಬಿಡಿಯಾಗಿ ಕಾಣತೊಡಗಿದವು. ಅಡುಗೆಮನೆಯಲ್ಲಿ ಫ್ರಿಜ್ಜು ಗುಡುಗಿ ಸುಮ್ಮನಾಯಿತು. ನಡುಮನೆಯ ಗಡಿಯಾರ, ದೇವರ ಮುಂದಿನ ಮಿಣುಕು ದೀಪ, ನೀರಿನ ಮೋಟಾರು, ಮಗಳು ಎಳೆದದ್ದೆಲ್ಲ ನಿಂತಿತು. ಮನೆ ಅಷ್ಟು ಮೌನವಾದದ್ದನ್ನು ನಾನು ಕೇಳಿರಲಿಲ್ಲ. ಸ್ಪ್ಯಾನರನ್ನು ಸಿಲಿಂಡರಿನ ತಿರುಪಿಗೆ ಹಾಕಿ ಎಣಿಸಿದೆ. ಐದು, ಆರು, ಏಳು. ಎಂಟು ಅಂದೆ. ಏನೂ ಇಲ್ಲ. ನಾನು ಬೇಗ ಎಣಿಸಿದ್ದೆ.

ಟಕ್. ಪುಸ್.

ಅವಳು ಕೈ ಎತ್ತಿ ನನ್ನನ್ನು ತಡೆದಳು. ಇನ್ನೊಂದು ಸಲ ಬಂತು. ಮತ್ತೊಂದು ಸಲ. ಕಾಲು ಗಂಟೆ ನಾವು ಮೂವರೂ ಅದನ್ನೇ ಕೇಳಿದೆವು. ಆಮೇಲೆ ಕರಿಬಸಪ್ಪ ಕೊಳವೆ ಸ್ವಲ್ಪ ಸರಿಸಿ, ನಡೀತಿದೆ ಕಣೇ ಅಂದ. ಅವಳು ನಗುತ್ತಾಳೆ ಅಂದುಕೊಂಡೆ.

“ಅತ್ತೆ ಹಳೇ ಕಾಲದೋರು, ನಂಬಿದ್ರು,” ಅಂದಳು. “ನೀವೂ ನಂಬಿದ್ರಲ್ಲ.”

ಅವನು ಹೊದಿಕೆಯ ಅಂಚನ್ನು ಮೂರು ಬೆರಳಿನಿಂದ ಮಡಿಸಿದ, ಬಿಡಿಸಿದ. “ಹಲಗೆ ಸುಟ್ಟಿತ್ತಲ್ಲೇ. ಕಣ್ಣಿಗೆ ಕಾಣೋ ಹಂಗೆ ಸುಟ್ಟಿತ್ತು.”

“ಹೂಂ. ಕಾಣೋ ಹಂಗೆ ಸುಟ್ಟಿತ್ತು,” ಅಂದು ಅವಳು ಎದ್ದು ನಿಂತುಹೋದ ಫ್ಯಾನಿನ ಹಲಗೆ ಬಿಚ್ಚಲು ಸ್ಟೂಲು ತಂದಳು. ನನ್ನ ಕಡೆ ತಿರುಗಿ, ಸೋಮವಾರ ಏಡಿ ಬಂದ ಕೂಡಲೇ ಹತ್ತು ಎತ್ತಿಡು ಅಂದಳು. ಕರಿಬಸಪ್ಪ ಆಮೇಲೆ ಎರಡು ದಿನ ಅವಳನ್ನು ಏನನ್ನೂ ಕೇಳಲಿಲ್ಲ, ನೀರನ್ನು ಕೂಡ. ಅವಳೇ ತಂದು ಕೊಡುತ್ತಿದ್ದಳು, ಅವನು ಕುಡಿಯುತ್ತಿದ್ದ. ಅವರಿಬ್ಬರ ನಡುವೆ ಏನು ಮುಗಿಯಿತೋ ಏನು ಉಳಿಯಿತೋ, ಅದು ಗೋಡೆಯಾಚೆ ಕೇಳಿಸುವಂಥದ್ದಲ್ಲ.

ಐದನೇ ದಿನ ಬುಧವಾರ, ನಡುಹಗಲಿನಲ್ಲಿ ತೇಜಾವತಿ ಬಂದಳು. ಒಬ್ಬಳೇ, ಹಿತ್ತಲ ಬಾಗಿಲಿನಿಂದ. ಅಪ್ಪನನ್ನು ನೋಡಬೇಕನ್ನಿಸಿತು ಅಂದಳು. ತಾಯಿ ಮಗಳ ಮುಖ ನೋಡಿ, ಕೈ ನೋಡಿ, ಸೆರಗಿನಲ್ಲಿ ಸುತ್ತಿಕೊಂಡಿದ್ದದ್ದನ್ನು ಬಿಡಿಸಿದಳು. ಒಂದು ಹಲಗೆ. ಏಡಿಯ ಬೆನ್ನು ಸೀಳಿತ್ತು.

ಅತ್ತೆ ಏನೂ ಅನ್ನಲಿಲ್ಲ ಅಂದಳು ತೇಜಾವತಿ. ಬರೀ ಪೆನ್ನು ತೆಗೆದುಕೊಂಡರಂತೆ.

ದೇವೀರಮ್ಮ ಕಟ್ಟೆಯ ಮೇಲೆ ಅರ್ಧ ಎಳೆದಿದ್ದ ಗೆರೆಯನ್ನು ಅಲ್ಲಿಗೇ ಬಿಟ್ಟಳು, ಪೆನ್ನಿಗೆ ಮುಚ್ಚಳ ಹಾಕಿದಳು, ಚಪ್ಪಲಿ ಮೆಟ್ಟಿದಳು. ಗಂಡನನ್ನು ಒಂದು ಗಂಟೆ ನೋಡಿಕೋ ಅಂತ ನನಗೆ ಕೂಗಿ ಹೇಳಿ ಮಗಳ ರಟ್ಟೆ ಹಿಡಿದು ಮೇಲಿನ ಕೇರಿಗೆ ನಡೆದಳು. ಮದುವೆಯಾಗಿ ಐದು ದಿನಕ್ಕೆ ಬೀಗರ ಮನೆಗೆ ಕರೆಯದೆ ಹೋಗುವುದು ನಮ್ಮಲ್ಲಿ ಇಲ್ಲ. ಅವರ ಗೆರೆ ಕೋಣೆಯ ಬಾಗಿಲು ಹಾಕಿತ್ತಂತೆ. ಇವಳು ದೂಡಿಕೊಂಡೇ ಒಳಗೆ ಹೋದಳಂತೆ. ಬೀಗಿತ್ತಿ ಮಂಜುಗಣ್ಣು ಕಿರಿದು ಮಾಡಿಕೊಂಡು, ಕಿಟಕಿಯ ಬೆಳಕಿಗೆ ಬೆನ್ನು ಹಾಕಿ, ಹಾಳೆಯನ್ನು ನೆಲದ ಮೇಲೆ ಹರಡಿಕೊಂಡು ತಾನೇ ಎಳೆಯಲು ಕೂತಿದ್ದಳು. ದೇವೀರಮ್ಮ ಎದುರಿಗೆ ಚಕ್ಕಳಮಕ್ಕಳ ಕೂತು ಸುಟ್ಟ ಹಲಗೆಯನ್ನು ಹಾಳೆಯ ಪಕ್ಕದಲ್ಲಿಟ್ಟಳು.

“ಒಂದೇ ಮಾತು ಕೇಳ್ತೀನಿ ಅಕ್ಕ, ಬೇಜಾರು ಮಾಡ್ಕೋಬೇಡಿ,” ಅಂದಳು. “ನಿಮ್ಮನೇಲಿ ಗೆರೆ ಎಳೆಯೋವಾಗ ಹಾಳೆ ಮಗುಚ್ತೀರಾ?”

ಬೀಗಿತ್ತಿ ಪೆನ್ನು ಕೆಳಗಿಟ್ಟು ತಲೆ ಎತ್ತಿದಳು. “ಹಾಳೇನ ಯಾಕಮ್ಮ ಮಗುಚಬೇಕು?”